ಮನೆ ಸಾಲದ ಕೌಂಟರಿನಲ್ಲಿ ನಾನು ತಲೆ ತಗ್ಗಿಸಿದ ದಿನಗಳು

ಮನೆ ಸಾಲದ ಕೌಂಟರಿನಲ್ಲಿ ಕೂತವರಿಗೆ ಸಂಬಳ ತಿಂಗಳಿಗೊಂದೇ ಸಲ ಬರುತ್ತದೆ. ನಾಚಿಕೆಗೆ ಹಾಗೆ ತಾರೀಖಿಲ್ಲ, ಯಾವ ದಿನ ಬೇಕಾದರೂ ಬಂದು ಎದುರಿನ ಕುರ್ಚಿಯಲ್ಲಿ ಕೂತುಬಿಡುತ್ತದೆ.

ನಾನು ಸುಲ್ತಾನ್ ಬತ್ತೇರಿಯ ಒಂದು ಬ್ಯಾಂಕಿನಲ್ಲಿ ಹದಿನೆಂಟು ವರ್ಷದಿಂದ ಆ ಕೌಂಟರಿನಲ್ಲಿದ್ದೇನೆ. ನಮ್ಮ ತಾತ ಗುಂಡ್ಲುಪೇಟೆ ಕಡೆಯಿಂದ ಬೆಲ್ಲ, ಹುಣಸೆಹಣ್ಣು ಮಾರಲು ಬಂದು ಇಲ್ಲೇ ಬೇರು ಬಿಟ್ಟವರು. ಹಾಗಾಗಿ ಮನೆಯೊಳಗೆ ಕನ್ನಡ, ಹೊಸಿಲು ದಾಟಿದರೆ ಮಲಯಾಳ. ಕನ್ನಡ ಮಾತಾಡುವ ಯಾರೇ ಮನೆ ಸಾಲ, ಸರ್ಕಾರದ ಸಹಾಯಧನ, ಟ್ಯಾಕ್ಸ್ ರಿಯಾಯಿತಿ ಅಂತ ಬ್ಯಾಂಕಿನೊಳಗೆ ಕಾಲಿಟ್ಟರೂ ಮ್ಯಾನೇಜರು ಕ್ಯಾಬಿನ್ನಿನಿಂದಲೇ ನನ್ನ ಕಡೆ ಕೈ ತೋರಿಸುತ್ತಾರೆ. ಎಷ್ಟೋ ಜನರಿಗೆ ನನ್ನಿಂದ ಉಪಕಾರವಾಗಿದೆ ಅಂತ ಬೇರೆಯವರು ಹೇಳುತ್ತಾರೆ. ನನಗೆ ಅದೊಂದೂ ನೆನಪಿಲ್ಲ. ನೆನಪಿರುವುದೆಲ್ಲ ಸೆರಗನ್ನು ಮುಖದ ಮೇಲೆ ಎಳೆದುಕೊಳ್ಳೋಣ ಅನ್ನಿಸುವಂಥವು.

ಪಂಚಾಯ್ತಿ ಅನುವಾದ

ಕೌಂಟರಿಗೆ ಬಂದ ಮೊದಲ ವರ್ಷ. ಗುಂಡ್ಲುಪೇಟೆಯ ಟೈಲರ್ ಒಬ್ಬರು ಬತ್ತೇರಿ ಹತ್ತಿರ ಐದು ಸೆಂಟ್ ಜಾಗ ತೆಗೆದುಕೊಂಡಿದ್ದರು. ಮನೆ ಕಟ್ಟಲು ಸಾಲ ಬೇಕಿತ್ತು. ಕಾಗದಗಳನ್ನೆಲ್ಲ ನೋಡಿ ನಾನು ಹೇಳಿದೆ, "ಎಲ್ಲ ಸರಿಯಾಗಿದೆ. ಪಂಚಾಯ್ತಿ ಅನುವಾದ ಒಂದು ತಂದುಬಿಡಿ, ಸಾಕು."

ಮಲಯಾಳದಲ್ಲಿ ಅನುವಾದ ಅಂದರೆ ಅನುಮತಿ. ನಮ್ಮ ಮನೆಯ ಕನ್ನಡದಲ್ಲೂ ಆ ಮಾತು ಹಾಗೆಯೇ ಬಂದು ಸೇರಿಕೊಂಡುಬಿಟ್ಟಿದೆ. ಗುಂಡ್ಲುಪೇಟೆಯಲ್ಲಿ ಅದಕ್ಕೆ ಬೇರೆ ಅರ್ಥ ಇದೆ ಅನ್ನುವುದು ಆ ಗಳಿಗೆಯಲ್ಲಿ ನನ್ನ ತಲೆಗೆ ಹೊಳೆಯಲೇ ಇಲ್ಲ.

"ಅನುವಾದಾನಾ? ಅದೂ ಬೇಕಾ ಮೇಡಂ?" ಅಂದರು.

"ಅದಿಲ್ಲದೆ ಒಂದು ಇಟ್ಟಿಗೆ ಇಡೋ ಹಾಗಿಲ್ಲ."

"ಪೂರ್ತಿ ಬೇಕಾ, ಸ್ವಲ್ಪ ಇದ್ರೆ ಸಾಕಾ?"

ವಿಚಿತ್ರ ಪ್ರಶ್ನೆ ಅನ್ನಿಸಿತು. ಬರೀ ಕೆಳಗಿನ ಅಂತಸ್ತಿಗೋ, ಮೇಲಿನ ಮಹಡಿಗೂ ಸೇರಿಸಿಯೋ ಅಂತ ಕೇಳುತ್ತಿರಬೇಕು ಅಂದುಕೊಂಡು, "ಪೂರ್ತಿ ಮಾಡಿಸಿಬಿಡಿ, ಆಮೇಲೆ ತಕರಾರು ಬರೋದಿಲ್ಲ" ಅಂದೆ.

ಎರಡು ವಾರ ಕಳೆದ ಮೇಲೆ ಒಂದು ದಪ್ಪ ಕಟ್ಟು ಹಿಡಿದುಕೊಂಡು ಬಂದರು. ಅವರ ಓಣಿಯಲ್ಲಿ ಮಲಯಾಳ ಬಲ್ಲ ನಿವೃತ್ತ ಕನ್ನಡ ಮೇಷ್ಟ್ರೊಬ್ಬರಿದ್ದರಂತೆ. ಜಾಗದ ಪತ್ರ, ತೆರಿಗೆ ರಸೀದಿ, ನಕ್ಷೆಯ ಮೇಲಿನ ಬರಹ, ಒಂದನ್ನೂ ಬಿಡದೆ ಮುತ್ತಿನಂಥ ಅಕ್ಷರದಲ್ಲಿ ಕನ್ನಡಕ್ಕೆ ತಂದಿದ್ದರು. ಕೊನೆಯ ಹಾಳೆಯಲ್ಲಿ ಮನೆಗೆ ಶುಭ ಕೋರಿ ತಮ್ಮದೇ ಒಂದು ಕಂದಪದ್ಯವನ್ನೂ ಸೇರಿಸಿದ್ದರು.

"ಸ್ವಲ್ಪ ತಡ ಆಯ್ತು, ಬೇಜಾರು ಮಾಡ್ಕೋಬೇಡಿ. ಸೆಪ್ಟಿಕ್ ಟ್ಯಾಂಕಿಗೆ ಒಳ್ಳೇ ಕನ್ನಡ ಪದ ಸಿಗಲಿಲ್ಲ ಅಂತ ಮೇಷ್ಟ್ರು ಎರಡು ದಿನ ಕೂತ್ಬಿಟ್ರು" ಅಂದರು ಟೈಲರ್.

ತಪ್ಪೊಪ್ಪಿಕೊಂಡೆ. ನನಗೆ ಬೇಕಾಗಿದ್ದದ್ದು ಪಂಚಾಯ್ತಿಯ ಒಂದೇ ಒಂದು ಅನುಮತಿ ಪತ್ರ ಅಂತ ವಿವರಿಸಿದೆ. ಅವರು ಬೈಯುತ್ತಾರೆ ಅಂತ ಕಾದೆ. ಬೈದಿದ್ದರೆ ಎಷ್ಟೋ ಹಗುರಾಗುತ್ತಿತ್ತು. ಅವರು ಕಟ್ಟನ್ನು ನಿಧಾನವಾಗಿ ಚೀಲಕ್ಕೆ ಹಾಕಿಕೊಂಡು, ನನ್ನ ಕಡೆ ಬಗ್ಗಿ ಮೆಲ್ಲಗೆ ಹೇಳಿದರು:

"ಆಗಿದ್ದು ಆಯ್ತು ಬಿಡಿ ಮೇಡಂ. ಮೇಷ್ಟ್ರಿಗೆ ಮಾತ್ರ ಗೊತ್ತಾಗೋದು ಬೇಡ. ಕೇರಳ ಸರ್ಕಾರ ನನ್ನ ಹತ್ರ ಪದ್ಯ ಬರೆಸ್ಕೊಂಡಿದೆ ಅಂತ ಅವರು ಊರಿಗೆಲ್ಲ ಹೇಳ್ಬಿಟ್ಟಿದ್ದಾರೆ."

ಡಾಕ್ಟರು ಹೇಳದೇ ಇದ್ದದ್ದು

ಇದು ಚಿಕ್ಕದು. ಆದರೆ ಚಿಕ್ಕ ಮುಳ್ಳೇ ಹೆಚ್ಚು ದಿನ ಒಳಗಿರುತ್ತದೆ.

ಅರವತ್ತು ದಾಟಿದ ಒಬ್ಬ ಹಿರಿಯರು ಇಪ್ಪತ್ತು ವರ್ಷದ ಅವಧಿಗೆ ಮನೆ ಸಾಲ ಕೇಳಿದರು. ಸಾಲ ಇಷ್ಟು ವಯಸ್ಸಿನೊಳಗೆ ತೀರಬೇಕು ಅನ್ನುವ ನಿಯಮ ಬ್ಯಾಂಕಿನಲ್ಲಿದೆ. ಅದನ್ನು ಸಮಾಧಾನವಾಗಿ ಬಿಡಿಸಿ ಹೇಳಬಹುದಿತ್ತು. ಅವತ್ತು ಕೌಂಟರಿನಲ್ಲಿ ಗದ್ದಲವೋ ಗದ್ದಲ. ನಾನು ಕಂಪ್ಯೂಟರಿನಿಂದ ಕಣ್ಣು ತೆಗೆಯದೆ ಹೇಳಿಬಿಟ್ಟೆ, "ಇಲ್ಲ ಅಪ್ಪಾಜಿ, ನಿಮಗೆ ಇಪ್ಪತ್ತು ವರ್ಷ ಇಲ್ಲ. ಹೆಚ್ಚು ಅಂದ್ರೆ ಎಂಟು."

ಕೆಲಸ ಮುಗಿಸಿ ತಲೆ ಎತ್ತಿ ನೋಡಿದೆ. ಅವರು ಎದೆ ಮೇಲೆ ಕೈಯಿಟ್ಟುಕೊಂಡು ಕೂತಿದ್ದರು.

"ಹೋದ ವಾರ ತಾನೇ ಕಲ್ಪೆಟ್ಟದಲ್ಲಿ ದೊಡ್ಡ ಡಾಕ್ಟ್ರಿಗೆ ತೋರಿಸ್ಕೊಂಡು ಬಂದೆ ಕಣಮ್ಮ. ಅವರಿಗೂ ಇಷ್ಟು ಸ್ಪಷ್ಟವಾಗಿ ಗೊತ್ತಾಗಿರಲಿಲ್ಲ."

ಮನೆ ಯಾರ ಹೆಸರಿಗೆ

ಸಹಾಯಧನದ ಯೋಜನೆಯೊಂದರಲ್ಲಿ ಮನೆ ಹೆಂಗಸರ ಹೆಸರಿಗೇ ಇರಬೇಕು, ಇಲ್ಲವೇ ಅವರ ಹೆಸರೂ ಸೇರಿರಬೇಕು ಅನ್ನುವ ನಿಯಮವಿತ್ತು. ನನಗೆ ಆ ನಿಯಮದ ಮೇಲೆ ಬಲು ಪ್ರೀತಿ. ಕೌಂಟರಿಗೆ ಬಂದ ಗಂಡಸರಿಗೆಲ್ಲ ಸ್ವಲ್ಪ ಜೋರಾಗಿಯೇ ಹೇಳುತ್ತಿದ್ದೆ, ಹಿಂದೆ ಕೂತ ಅವರ ಹೆಂಗಸರಿಗೂ ಕೇಳಲಿ ಅಂತ.

ಒಂದು ದಿನ ಜೀಪ್ ಡ್ರೈವರ್ ಒಬ್ಬ ತಾಯಿಯನ್ನೂ ಹೆಂಡತಿಯನ್ನೂ ಕರೆದುಕೊಂಡು ಬಂದ. ಅತ್ತೆ ಸೊಸೆ ಒಂದೇ ಬೆಂಚಿನಲ್ಲಿ ಒಬ್ಬರಿಗೊಬ್ಬರು ಅಂಟಿಕೊಂಡು ಕೂತು ಒಂದೇ ಪೊಟ್ಟಣದಿಂದ ಕಡಲೆಕಾಯಿ ತಿನ್ನುತ್ತಿದ್ದರು. ಅಷ್ಟು ಹೊಂದಾಣಿಕೆ.

"ಸಹಾಯಧನ ಬೇಕಾದ್ರೆ ಮನೆ ಹೆಂಗಸರ ಹೆಸರಿಗೆ ಮಾಡ್ಬೇಕು" ಅಂದೆ, ಎಂದಿನ ಹಾಗೆ ಜೋರಾಗಿ.

"ಯಾವ ಹೆಂಗಸು ಚೇಚಿ?" ಅಂತ ಅವನು. ಅಕ್ಕ ಅನ್ನುವುದಕ್ಕೆ ಇಲ್ಲಿಯವರು ಚೇಚಿ ಅನ್ನುತ್ತಾರೆ.

ಮನೆಗೆ ಹೋಗಿ ಮಾತಾಡಿಕೊಂಡು ಬನ್ನಿ ಅಂದಿದ್ದರೆ ಕಥೆ ಅಲ್ಲಿಗೆ ಮುಗಿಯುತ್ತಿತ್ತು. ನಾನು ಪೆನ್ನಿನ ಮುಚ್ಚಳ ತೆಗೆದು, "ತಾಯಿ ಆದ್ರೂ ಆಗುತ್ತೆ, ಹೆಂಡತಿ ಆದ್ರೂ ಆಗುತ್ತೆ. ಇಬ್ಬರೂ ಇಲ್ಲೇ ಇದ್ದಾರಲ್ಲ, ಈಗಲೇ ಹೇಳಿ, ಬರ್ಕೊಂಡುಬಿಡ್ತೀನಿ" ಅಂದೆ.

ಅವನು ಫ್ಯಾನ್ ನೋಡಿದ. ಹೆಂಡತಿ ಅವನನ್ನು ನೋಡಿದಳು. ತಾಯಿ ನನ್ನನ್ನು ನೋಡಿದರು. ಕಡಲೆಕಾಯಿ ತಿನ್ನುವುದು ನಿಂತಿತು.

"ಇಬ್ಬರ ಹೆಸರೂ ಹಾಕ್ಬಹುದಾ?" ಅಂತ ಅವನು ಕೇಳಿದ.

"ಧಾರಾಳವಾಗಿ. ಮೊದಲನೇ ಹೆಸರು ಯಾರದು?"

ಬೆಂಕಿಗೆ ಸೀಮೆಎಣ್ಣೆ ಹಾಕಿದವಳು ನಾನೇ. ತಾಯಿ ಹೇಳಿದರು, "ಆ ಜಾಗ ತಗೊಂಡಿದ್ದು ನನ್ನ ಬಳೆ ಮಾರಿ." ಹೆಂಡತಿ ಹೇಳಿದಳು, "ಅಡಿಪಾಯ ಹಾಕ್ಸಿದ್ದು ನನ್ನ ಸರ ಅಡ ಇಟ್ಟು." ಸಾಲಿನಲ್ಲಿ ನಿಂತವರು ತಮ್ಮ ಕೆಲಸ ಮರೆತು ಎರಡು ಪಕ್ಷವಾದರು. ಕಡೆಗೆ ಮೂವರೂ ಎದ್ದುಹೋದರು. ಹೋಗುವಾಗ ಅತ್ತೆ ಮುಂದೆ, ಸೊಸೆ ಹಿಂದೆ, ನಡುವೆ ಒಂದು ಬಸ್ಸು ಹೋಗುವಷ್ಟು ಜಾಗ.

ಮೂರು ದಿನದ ಮೇಲೆ ಅವನೊಬ್ಬನೇ ಬಂದ. ಮುಖ ಸಣ್ಣಗಾಗಿತ್ತು. "ಚೇಚಿ, ಮನೇಲಿ ಊಟ ಸಿಗ್ತಿಲ್ಲ. ಹೆಸರು ಯಾರದೋ ಅವರೇ ಬಡಿಸಲಿ ಅಂತ ಇಬ್ಬರೂ ಸುಮ್ನೆ ಕೂತಿದ್ದಾರೆ."

ಅವತ್ತು ತಂದಿದ್ದ ಬುತ್ತಿಯನ್ನು ನಾನು ಬಿಚ್ಚಲೇ ಇಲ್ಲ. ಒಂದು ಸಂಸಾರದ ಅನ್ನಕ್ಕೆ ಕಲ್ಲು ಹಾಕಿದೆನಲ್ಲ ಅಂತ ಸಂಜೆ ಅವರ ಮನೆಗೇ ಹೋಗಬೇಕು ಅಂದುಕೊಂಡೆ. ಅಷ್ಟರಲ್ಲಿ ತಾಯಿಯೇ ಬ್ಯಾಂಕಿಗೆ ಬಂದರು. ನಾನು ಎದ್ದು ನಿಂತು, "ಅಮ್ಮ, ತಪ್ಪು ನಂದು. ಹಾಗೆ ಎಲ್ಲರ ಮುಂದೆ ಕೇಳಬಾರದಿತ್ತು" ಅಂದೆ.

"ಇರ್ಲಿ ಬಿಡವ್ವ" ಅಂದು ಅವರು ಉಸ್ಸಂತ ಕೂತರು. "ಯೋಚನೆ ಮಾಡ್ದೆ. ಮನೆ ಸೊಸೆ ಹೆಸರಿಗೆ ಬರಿ. ಇನ್ನೂ ಬಾಳಿ ಬದುಕ್ಬೇಕಾದವಳು. ಸಾಲ ಮಗನ ಹೆಸರಿಗೆ ಬರಿ. ಅಡುಗೆಮನೆ ಮಾತ್ರ ನನ್ನ ಹೆಸರಿಗೆ ಬರಿ."

ಅವರ ದೊಡ್ಡ ಮನಸ್ಸಿಗೋ ನನ್ನ ನಾಚಿಕೆಗೋ, ಹೇಗಾದರೂ ಮಾಡಿ ಈ ತಾಯಿಯ ಮಾತು ನಡೆಸಿಕೊಡಬೇಕು ಅಂತ ಹುರುಪು ಬಂತು. ನೇರ ಮ್ಯಾನೇಜರ ಕ್ಯಾಬಿನ್ನಿಗೆ ಹೋಗಿ, ಅಡುಗೆಮನೆಯನ್ನು ಬೇರೆ ಹೆಸರಿಗೆ ಬರೆಯಲು ಫಾರಂನಲ್ಲಿ ಜಾಗ ಇದೆಯಾ ಅಂತ ಕೇಳಿದೆ.

ಮ್ಯಾನೇಜರು ಕನ್ನಡಕ ತೆಗೆದು ಮೇಜಿನ ಮೇಲಿಟ್ಟರು. "ಕಕ್ಕಸು ಯಾರ ಹೆಸರಿಗೆ ಅಂತ ಕೇಳಿಕೊಂಡು ಬಾ. ಎಲ್ಲ ಒಟ್ಟಿಗೇ ಬರೆಯೋಣ."

ಬೈಯುತ್ತಾ ಹೋದ ತಪಾಸಣೆ

ಮನೆ ಸಾಲವನ್ನು ಒಂದೇ ಸಲ ಕೊಡುವುದಿಲ್ಲ. ಅಡಿಪಾಯಕ್ಕೆ ಒಂದು ಕಂತು, ಗೋಡೆ ಎದ್ದ ಮೇಲೆ ಒಂದು, ತಾರಸಿಗೆ ಒಂದು. ಪ್ರತಿ ಸಲ ಬ್ಯಾಂಕಿನವರು ಹೋಗಿ ನೋಡಿ ಬರಬೇಕು. ಒಮ್ಮೆ ಆ ಕೆಲಸ ನನ್ನ ಪಾಲಿಗೆ ಬಂತು. ತರಕಾರಿ ಅಂಗಡಿಯ ಹೆಂಗಸೊಬ್ಬರು ಕಟ್ಟಿಸುತ್ತಿದ್ದ ಮನೆ. ಫೋನಿನಲ್ಲಿ ಮಾತಾಡಿದ್ದೆ, ಮುಖ ನೋಡಿರಲಿಲ್ಲ.

ತಪಾಸಣೆ ಅಂದರೆ ಸ್ವಲ್ಪ ಗತ್ತು ಇರಬೇಕು, ಇಲ್ಲದಿದ್ದರೆ ಮೇಸ್ತ್ರಿಗಳು ಲೆಕ್ಕಕ್ಕೇ ಇಡುವುದಿಲ್ಲ ಅಂತ ಸಹೋದ್ಯೋಗಿಯೊಬ್ಬರು ಹೇಳಿಕೊಟ್ಟಿದ್ದರು. ಹಾಗಾಗಿ ಆಟೋ ಇಳಿಯುವಾಗಲೇ ಮುಖ ಗಂಟು ಹಾಕಿಕೊಂಡಿದ್ದೆ. ಅರ್ಧ ಎದ್ದ ಮನೆ ಕಂಡಿತು, ನೇರ ನುಗ್ಗಿದೆ. ಅಲ್ಲಿ ಗಂಡಸರೊಬ್ಬರು ಗೋಡೆಗೆ ನೀರು ಹೊಡೆಯುತ್ತಿದ್ದರು. ಆಕೆಯ ಯಜಮಾನರಿರಬೇಕು ಅಂದುಕೊಂಡೆ.

"ಇದೇನು, ಕಿಟಕಿ ಇಷ್ಟು ದೊಡ್ಡದು? ಪ್ಲಾನಿನಲ್ಲಿ ಹೀಗಿಲ್ಲವಲ್ಲ!"

"ಹೌದಾ?" ಅಂತ ಅವರು ಪೈಪು ಕೆಳಗಿಟ್ಟರು.

"ಮೆಟ್ಟಿಲು ಯಾಕೆ ಈ ಕಡೆ ಬಂತು? ಆ ಕಡೆ ಬರಬೇಕು."

"ಬದಲಾಯಿಸ್ಬೇಕಾ?"

"ಬದಲಾಯಿಸಲೇಬೇಕು. ಇಲ್ಲದಿದ್ರೆ ನಾನು ಸಹಿ ಹಾಕೋದಿಲ್ಲ."

ಅವರು ಮೇಸ್ತ್ರಿಯನ್ನು ಕರೆದು ಏನೋ ಹೇಳಿದರು. ನನಗೆ ಚಾಯ ಬಂತು, ಬಾಳೆಹಣ್ಣಿನ ಬಜ್ಜಿ ಬಂತು. ನಾನು ಕುಡಿಯುತ್ತಾ, ಅಲ್ಲಲ್ಲಿ ಗೋಡೆ ತಟ್ಟುತ್ತಾ, ಫೋಟೋ ತೆಗೆಯುತ್ತಾ ಮುಕ್ಕಾಲು ಗಂಟೆ ತಿರುಗಿದೆ. ಹೊರಗೆ ಬಂದಾಗ ಇಬ್ಬರು ಕೆಲಸದವರು ಸುತ್ತಿಗೆ ಹಿಡಿದು ಮೊದಲನೇ ಮೆಟ್ಟಿಲನ್ನು ಒಡೆದು ಮುಗಿಸಿದ್ದರು. ನನ್ನ ಮಾತಿಗೆ ಇಷ್ಟು ಬೆಲೆಯಾ ಅಂತ ಒಳಗೊಳಗೇ ಹಿಗ್ಗಿ, ವರದಿಗೆ ಬರೆದುಕೊಳ್ಳಲು ಸಾಲದ ನಂಬರು ಕೇಳಿದೆ.

"ಸಾಲವಾ? ನಾನು ಸಾಲ ತಗೊಂಡಿಲ್ಲವಲ್ಲ. ಕಾಫಿ ಮಾರಿದ ದುಡ್ಡಲ್ಲಿ ಕಟ್ಟಿಸ್ತಿರೋದು."

ಭೂಮಿ ಬಾಯಿ ಬಿಡಲಿಲ್ಲ. ಬಿಟ್ಟಿದ್ದರೆ ಆಟೋಗೂ ಕಾಯದೆ ಇಳಿದುಬಿಡುತ್ತಿದ್ದೆ.

"ಮತ್ತೆ... ನಾನು ಬೈಯುವಾಗ ನೀವು ಯಾಕೆ ಸುಮ್ಮನಿದ್ರಿ?"

"ನೀವು ಬ್ಯಾಗು ಹಿಡ್ಕೊಂಡು ಬೈಯ್ತಾ ಒಳಗೆ ಬಂದ್ರಿ. ಹಾಗೆ ಬರೋರು ಸರ್ಕಾರದವರಾಗಿರ್ಬೇಕು, ಇಲ್ಲಾ ನನ್ನ ಹೆಂಡತಿ ಕಡೆ ನೆಂಟರಾಗಿರ್ಬೇಕು. ಇಬ್ಬರಿಗೂ ಎದುರು ಮಾತಾಡೋ ಹಾಗಿಲ್ಲ."

ಪಕ್ಕದ ಬೇಲಿಯಾಚೆ ಇನ್ನೊಂದು ಅರ್ಧ ಎದ್ದ ಮನೆ. ಅದರ ಮುಂದೆ ತರಕಾರಿ ಅಂಗಡಿಯ ಹೆಂಗಸು ಆರಿಹೋದ ಚಾಯದ ಲೋಟ ಹಿಡಿದು ನಿಂತಿದ್ದರು. ಅಷ್ಟು ಹೊತ್ತೂ ಎಲ್ಲ ನೋಡಿದ್ದರು. ಒಡೆದ ಮೆಟ್ಟಿಲಿಗೆ ನನ್ನ ಸಂಬಳದಿಂದ ಸಿಮೆಂಟ್ ಕೊಡಿಸುತ್ತೇನೆ ಅಂತ ಆ ಯಜಮಾನರಿಗೆ ಹೇಳಿ (ಅವರು ಬೇಡವೆಂದರೂ ಕೊಡಿಸಿದೆ), ತಲೆ ತಗ್ಗಿಸಿಕೊಂಡು ಬೇಲಿ ದಾಟಿದೆ. ಎರಡೇ ನಿಮಿಷದಲ್ಲಿ, ಬೆಕ್ಕಿನ ಹಾಗೆ ಸದ್ದಿಲ್ಲದೆ ಈ ಮನೆಯನ್ನು ನೋಡಿ, "ಎಲ್ಲ ಚೆನ್ನಾಗಿದೆ" ಅಂತ ಹೊರಟೆ.

ಆಕೆ ದಾರಿಗೆ ಅಡ್ಡ ನಿಂತರು. "ಹೀಗಾದ್ರೆ ಹೆಂಗೆ ಮೇಡಂ? ಅಲ್ಲಿ ಅಷ್ಟು ಚೆನ್ನಾಗಿ ಬೈದ್ರಿ. ಇಲ್ಲೂ ಸ್ವಲ್ಪ ಬೈದು ಹೋಗಿ, ನಮ್ಮ ಮೇಸ್ತ್ರಿ ನನ್ನ ಮಾತು ಒಂದೂ ಕೇಳ್ತಿಲ್ಲ."

ಹಿಂಡಿ ತಿನ್ನುವ ಹಸು

ಸರ್ಕಾರಿ ಕಚೇರಿಯ ಗುಮಾಸ್ತರೊಬ್ಬರು. ಗಂಡ ಹೆಂಡತಿ ಇಬ್ಬರೂ ಮನೆಯಲ್ಲಿ ಕನ್ನಡ ಮಾತಾಡುವವರು, ಹಾಗಾಗಿ ನನ್ನ ಕೌಂಟರಿನ ಖಾಯಂ ಗಿರಾಕಿಗಳು. ಅವರಿಗೆ ಊರಿನ ಜಾಗದ ಪಾಲು ಅಂತ ಒಂದಿಷ್ಟು ದುಡ್ಡು ಕೈಗೆ ಬಂತು. ಮನೆ ಸಾಲ ತೀರಿಸಿಬಿಡುತ್ತೇನೆ ಅಂತ ಬಂದರು.

ನಾನು ಆಗ ತಾನೇ ಒಂದು ತರಬೇತಿ ಮುಗಿಸಿ ಬಂದಿದ್ದೆ. ಕಲಿತದ್ದು ಇನ್ನೂ ನಾಲಿಗೆ ತುದಿಯಲ್ಲಿತ್ತು. "ಅಯ್ಯೋ ಸಾರ್, ಅಂಥ ತಪ್ಪು ಮಾಡ್ಬೇಡಿ! ಮನೆ ಸಾಲದ ಬಡ್ಡಿಗೆ ಟ್ಯಾಕ್ಸಿನಲ್ಲಿ ರಿಯಾಯಿತಿ ಇದೆ. ಸಾಲ ಇರೋದೇ ಲಾಭ. ಬುದ್ಧಿವಂತರು ಯಾರೂ ಬೇಗ ತೀರಿಸೋದಿಲ್ಲ" ಅಂತ ಕಾಗದದ ಮೇಲೆ ಗೆರೆ ಎಳೆದು ಪಾಠ ಮಾಡಿದೆ. ಬುದ್ಧಿವಂತರು ಅಂದಮೇಲೆ ಯಾರು ತಾನೇ ಎದ್ದು ಹೋಗುತ್ತಾರೆ? ದುಡ್ಡನ್ನು ಉಳಿತಾಯ ಖಾತೆಯಲ್ಲೇ ಬಿಟ್ಟು, ನನಗೆ ಕೈಮುಗಿದು ಹೋದರು.

ವರ್ಷ ಕಳೆದ ಮೇಲೆ ಅವರ ಹೆಂಡತಿ ಬಂದರು. ಹಸು ಸಾಕಿ ಹಾಲು ಮಾರುವವರು. ಕೈಯಲ್ಲಿ ನಾನೇ ಕೊಟ್ಟಿದ್ದ ಬಡ್ಡಿ ಸರ್ಟಿಫಿಕೇಟು.

"ಮೇಡಂ, ನನಗೆ ಓದು ಬರಹ ಕಮ್ಮಿ. ಒಂದು ಹೇಳಿ. ನಾವು ಹತ್ತು ರೂಪಾಯಿ ಬಡ್ಡಿ ಕಟ್ಟಿದ್ರೆ ಟ್ಯಾಕ್ಸಲ್ಲಿ ಎಷ್ಟು ಉಳಿಯುತ್ತೆ?"

"ನಿಮ್ಮ ಯಜಮಾನರ ಸಂಬಳಕ್ಕೆ... ಎರಡು ರೂಪಾಯಿ."

"ಮಿಕ್ಕ ಎಂಟು?"

"ಅದು ಬ್ಯಾಂಕಿಗೆ."

"ಖಾತೇಲಿ ಮಲಗಿರೋ ದುಡ್ಡಿಗೆ ನೀವು ಏನು ಕೊಡ್ತೀರಿ?"

ಅದನ್ನು ಹೇಳಿದೆ. ಎಷ್ಟು ಸಣ್ಣ ದನಿಯಲ್ಲಿ ಹೇಳಿದೆ ಅಂದರೆ ಅವರು ಎರಡು ಸಲ ಕೇಳಿಸಿಕೊಳ್ಳಬೇಕಾಯಿತು. ಆಕೆ ನನ್ನನ್ನೇ ನೋಡಿದರು. ಸಿಟ್ಟಿರಲಿಲ್ಲ, ಕಾಯಿಲೆ ಬಿದ್ದ ದನವನ್ನು ನೋಡುವ ಹಾಗೆ ನೋಡಿದರು.

"ನಮ್ಮ ಹಟ್ಟೀಲೂ ಹಿಂಗೇ ಒಂದು ಹಸು ಇತ್ತು. ಹತ್ತು ರೂಪಾಯಿ ಹಿಂಡಿ ತಿಂದು ಎರಡು ರೂಪಾಯಿ ಹಾಲು ಕೊಡೋದು. ಅದನ್ನ ಮಾರಿಬಿಟ್ವಿ. ನಿಮ್ಮನ್ನ ಏನು ಮಾಡೋದು?"

ಅಜ್ಜಿಯ ಅಪೇಕ್ಷೆ

ಇದನ್ನು ನಾನು ನನ್ನ ಗಂಡನಿಗೂ ಎರಡು ವರ್ಷ ಹೇಳಿರಲಿಲ್ಲ.

ಕಾಡಿನ ಅಂಚಿನ ಒಂದು ಆದಿವಾಸಿ ಹಾಡಿಯಲ್ಲಿ ಮನೆ ಸಹಾಯಧನಕ್ಕೆ ಅರ್ಜಿ ಬರೆಸುವ ಶಿಬಿರ ಮಾಡಿದ್ದರು. ಅಲ್ಲಿಯವರ ಮಾತು ಕನ್ನಡವೇ, ನಮ್ಮದಕ್ಕಿಂತ ಹಳೆಯ ಕನ್ನಡ. ಫಾರಮ್ಮುಗಳು ಮಲಯಾಳದಲ್ಲಿ. ಹಾಗಾಗಿ ಬ್ಯಾಂಕಿನಿಂದ ನನ್ನನ್ನು ಕಳಿಸಿದರು. ಅಂಗನವಾಡಿಯ ಜಗಲಿಯಲ್ಲಿ ಒಂದು ಪುಟ್ಟ ಮೇಜು, ಪುಟ್ಟ ಕುರ್ಚಿ, ಮಕ್ಕಳದು. ಮೊಣಕಾಲು ಗಲ್ಲಕ್ಕೆ ತಾಗುವ ಹಾಗೆ ಕೂತು ಬೆಳಗಿನಿಂದ ಬರೆದೆ.

ಕೊನೆಯ ಸರದಿ ಒಬ್ಬ ಅಜ್ಜಿಯದು. ಒಂಟಿ ಜೀವ. ಗಂಡ ತೀರಿಕೊಂಡು ಬಹಳ ವರ್ಷವಾಗಿತ್ತು, ಮಕ್ಕಳಿರಲಿಲ್ಲ. ಬಿದಿರಿನ ಗೋಡೆ, ಮೇಲೆ ಪ್ಲಾಸ್ಟಿಕ್ ಶೀಟು, ಅದೇ ಅವರ ಮನೆ. ಹೆಸರು, ವಯಸ್ಸು ಎಲ್ಲ ತುಂಬಿದ ಮೇಲೆ ನಾನು ಕೇಳಿದೆ, "ಅಜ್ಜಿ, ನಿಮ್ಮ ಅಪೇಕ್ಷೆ ಹೇಳಿ, ಬರ್ಕೊಳ್ತೀನಿ."

ಮಲಯಾಳದಲ್ಲಿ ಅಪೇಕ್ಷೆ ಅಂದರೆ ಅರ್ಜಿ. ದಿನವಿಡೀ ಅದೇ ಮಾತು ಕೇಳಿ ಕೇಳಿ ನನ್ನ ಬಾಯಿಗೂ ಅದೇ ಬಂದಿತ್ತು. ಉಳಿದವರೆಲ್ಲ "ಮನೆ ಬೇಕು" ಅಂದು ಮುಗಿಸಿದ್ದರು. ಅಜ್ಜಿಗೆ ಅಷ್ಟು ಆಯಸ್ಸಿನಲ್ಲಿ ಯಾರೂ ಆ ಪ್ರಶ್ನೆ ಕೇಳಿರಲಿಲ್ಲವೋ ಏನೋ. ಸೀರೆ ಸರಿಮಾಡಿಕೊಂಡು, ಕಾಲು ಮಡಿಚಿ ಕೂತರು.

"ಬಾಕ್ಲು ಮೂಡ್ಲುಗಡೆ ಇರ್ಲಿ ಮಗಾ. ಎದ್ದೇಟ್ಗೆ ಬಿಸ್ಲು ಮೊಕಕ್ಕೆ ಬೀಳ್ಬೇಕು. ಬರ್ಕೊಂಡ್ಯಾ?"

"ಬರ್ಕೊಂಡೆ ಅಜ್ಜಿ."

"ಇಬ್ರು ಹೆಂಗಸ್ರು ಕಾಲು ಚಾಚ್ಕೊಂಡು ಕೂರೋವಷ್ಟು ಜಗಲಿ. ಕಾಡ್ಕಡೆ ಕಿಟಕಿ ಸಣ್ಣದಿರ್ಲಿ, ಆನೆ ಸೊಂಡ್ಲು ತೂರ್ಬಾರ್ದು. ಹೋದ ಸಲ ಉಪ್ಪಿನ ಮಡಕೆ ಎತ್ಕೊಂಡೋಯ್ತು. ಮಳೆ ಬಿದ್ರೆ ತಗಡು ಬಡ್ಕೊಳ್ಳೋ ಸದ್ದಿಗೆ ಒಬ್ರ ಮಾತು ಒಬ್ರಿಗೆ ಕೇಳಕ್ಕಿಲ್ಲ, ತಗಡು ಬ್ಯಾಡ..."

ಗಂಟೆ ಮೂರಾಗಿತ್ತು. ನನ್ನ ಮಗಳಿಗೆ ಮದುವೆಯಾಗಿ ತಿಂಗಳಾಗಿರಲಿಲ್ಲ, ಅಂದು ಸಂಜೆ ಅಳಿಯ ಮೊದಲ ಸಲ ಊಟಕ್ಕೆ ಬರುವವನಿದ್ದ. ನನ್ನ ಮನಸ್ಸು ಬತ್ತೇರಿ ಮಾರ್ಕೆಟ್ಟಿನಲ್ಲಿತ್ತು. ಮನೆಯ ನಕ್ಷೆ ಎಲ್ಲರಿಗೂ ಒಂದೇ, ಇದನ್ನೆಲ್ಲ ಯಾರು ಓದುತ್ತಾರೆ ಅಂತ ನನಗೆ ಗೊತ್ತಿತ್ತು. ಆದರೆ ನನ್ನ ಪೆನ್ನು ನಿಂತರೆ ಅಜ್ಜಿಯ ಮಾತೂ ನಿಂತು, "ಬರ್ಕೊತಾ ಇದ್ದೀಯಾ ಮಗಾ?" ಅನ್ನುತ್ತಿದ್ದರು. ಹಾಗಾಗಿ ಪೆನ್ನು ನಿಲ್ಲಿಸಲಿಲ್ಲ. ಫಾರಮ್ಮಿನ ಜೊತೆಗಿದ್ದ ಖಾಲಿ ಹಾಳೆಯಲ್ಲಿ, ಅಜ್ಜಿಯ ಮುಖವನ್ನೇ ನೋಡುತ್ತಾ, ಹೂಂ ಹೂಂ ಅನ್ನುತ್ತಾ, ನನ್ನ ಸಂಜೆಯ ಸಾಮಾನಿನ ಪಟ್ಟಿ ಬರೆದೆ, ಫಾರಮ್ಮಿನ ಹಾಗೆ ಮಲಯಾಳದಲ್ಲೇ. ಎಲ್ಲ ಮುಗಿದ ಮೇಲೆ ಅವಸರದಲ್ಲಿ ಎಲ್ಲ ಹಾಳೆ ಸೇರಿಸಿ ಪಿನ್ ಹೊಡೆದು ಕೊಟ್ಟುಬಿಟ್ಟೆ. ಮಾರ್ಕೆಟ್ಟಿನಲ್ಲಿ ಚೀಲ ತಡಕಾಡಿದಾಗ ಪಟ್ಟಿ ಸಿಗಲಿಲ್ಲ. ಎಲ್ಲೋ ಬಿತ್ತು ಅಂದುಕೊಂಡು ನೆನಪಿನ ಮೇಲೆ ಸಾಮಾನು ತಂದೆ.

ಒಂದು ತಿಂಗಳಾದ ಮೇಲೆ ಪಂಚಾಯ್ತಿಯ ಓವರ್‌ಸಿಯರ್ ಜಾಗ ನೋಡಲು ಬಂದರು. ಹಾಡಿಯವರ ಮಾತನ್ನು ಅವರಿಗೆ ತಿಳಿಸಿ ಹೇಳಲು ನನ್ನನ್ನೂ ಕರೆದಿದ್ದರು. ಅಜ್ಜಿಯ ಗುಡಿಸಲ ಮುಂದೆ ಹಾಡಿಯ ಹೆಂಗಸರೆಲ್ಲ ಸೇರಿದ್ದರು. ಅಜ್ಜಿ ಹೆಮ್ಮೆಯಿಂದ, "ನಾನು ಎಲ್ಲಾನೂ ಬರ್ಸಿವ್ನಿ. ಈ ಮಗಳು ಒಂದೂ ಬಿಡ್ದೆ ಬರ್ಕೊಂಡವ್ಳೆ. ಓದಿ ಸಾರೇ" ಅಂದರು.

ಓವರ್‌ಸಿಯರ್ ಹುಡುಗ ವಯಸ್ಸಿನವರು, ಕೆಲಸದಲ್ಲಿ ಬಲು ನಿಯತ್ತು. ಹಾಳೆ ತಿರುವಿ, ಗಂಟಲು ಸರಿಮಾಡಿಕೊಂಡು ಮಲಯಾಳದಲ್ಲಿ ಗಟ್ಟಿಯಾಗಿ ಓದಿದರು. ಅಜ್ಜಿಗೆ ಮಲಯಾಳ ಮಾತಾಡಲು ಬರದಿದ್ದರೂ ಚೆನ್ನಾಗಿಯೇ ಅರ್ಥವಾಗುತ್ತಿತ್ತು.

"ಒಣಮೀನು ಅರ್ಧ ಕಿಲೋ. ಮರಗೆಣಸು ಎರಡು ಕಿಲೋ. ಕುಕ್ಕರಿನ ರಬ್ಬರು ಒಂದು. ಅತ್ತೆಗೆ ಮಂಡಿನೋವಿನ ಎಣ್ಣೆ. ಅಳಿಯನಿಗೆ ಕೋಳಿ, ಚರ್ಮ ತೆಗೆಸಬೇಕು."

ಮಾರ್ಕೆಟ್ಟಿನಲ್ಲಿ ಸಿಗದಿದ್ದ ಪಟ್ಟಿ ಎಲ್ಲಿ ಹೋಗಿತ್ತು ಅಂತ ಆಗ ಗೊತ್ತಾಯಿತು. ಹೆಂಗಸರು ಅಜ್ಜಿಯ ಮುಖ ನೋಡಿದರು. ಅಜ್ಜಿ ಹಣೆ ಸುಕ್ಕು ಮಾಡಿಕೊಂಡು ಯೋಚಿಸಿ ಹೇಳಿದರು, "ಒಣಮೀನು ನಾನು ಹೇಳಿರ್ಲಿಲ್ಲ. ಕೊಟ್ರೆ ಬ್ಯಾಡ ಅನ್ನಾಕಿಲ್ಲ."

ಓವರ್‌ಸಿಯರ್ ನಗಲಿಲ್ಲ. ಅವರ ಪೆನ್ನು ಇನ್ನೊಂದು ಸಾಲಿನ ಮೇಲೆ ನಿಂತಿತ್ತು. "ಅಳಿಯ ಇದ್ದಾನಾ? ಅರ್ಜಿಯಲ್ಲಿ ಒಂಟಿ ಹೆಂಗಸು ಅಂತ ಇದೆಯಲ್ಲ. ಅಳಿಯ, ಅತ್ತೆ ಎಲ್ಲ ಇದ್ರೆ ಇವರ ಹೆಸರು ಮೊದಲ ಪಟ್ಟಿಯಲ್ಲಿ ಬರೋದಿಲ್ಲ."

"ನಂಗೆ ಮಗಳೇ ಇಲ್ಲ, ಅಳಿಯ ಎಲ್ಲಿಂದ ಬಂದ?" ಅಂತ ಅಜ್ಜಿ ಎದ್ದೇ ನಿಂತರು. "ಈ ವಯಸ್ಸಲ್ಲಿ ನಂಗೆ ಅತ್ತೆ ಬೇರೆಯಾ?"

ಹೆಂಗಸರಲ್ಲಿ ಒಬ್ಬಳು ಕಿಸಕ್ಕೆಂದಳು. ಓವರ್‌ಸಿಯರ್ ಆ ಸಾಲಿನ ಕೆಳಗೆ ಗೆರೆ ಎಳೆಯಲು ಶುರುಮಾಡಿದರು. ಆ ಗೆರೆ ಪೂರ್ತಿಯಾದರೆ ಅಜ್ಜಿ ಇನ್ನೊಂದು ಮಳೆಗಾಲವನ್ನೋ ಎರಡು ಮಳೆಗಾಲವನ್ನೋ ಆ ಪ್ಲಾಸ್ಟಿಕ್ ಶೀಟಿನ ಕೆಳಗೆ ಕಳೆಯಬೇಕು. ನಾನು ಅವರ ಕೈ ಹಿಡಿದುಕೊಂಡೆ. ಹಾಡಿಯ ಎಲ್ಲರೆದುರು, ಮೊದಲು ಮಲಯಾಳದಲ್ಲಿ, ಆಮೇಲೆ ಕನ್ನಡದಲ್ಲಿ ಒಪ್ಪಿಕೊಂಡೆ. ಅಳಿಯ ನನ್ನವನು. ಅತ್ತೆ ನನ್ನವರು. ಒಣಮೀನು ನನ್ನದು. ಅಜ್ಜಿ ತಮ್ಮ ಮನೆಯ ಆಸೆ ಹೇಳುತ್ತಿದ್ದಾಗ ನಾನು ಬರೆಯುತ್ತಿದ್ದದ್ದು ಇದನ್ನು. ಒಂದು ಭಾಷೆಯಲ್ಲಿ ನಾಚಿಕೆಪಡುವುದೇ ಕಷ್ಟ, ಅವತ್ತು ಎರಡರಲ್ಲೂ ಪಟ್ಟೆ.

ಅಜ್ಜಿ ನನ್ನನ್ನು ನೋಡುತ್ತಿದ್ದರು. ನಾನು ನೆಲ ನೋಡುತ್ತಿದ್ದೆ.

"ಅಷ್ಟು ಹೊತ್ತು ಹೂಂ ಹೂಂ ಅಂದೆಯಲ್ಲ ಮಗಾ" ಅಂದರು ಕಡೆಗೆ. ಅಷ್ಟೇ ಅಂದದ್ದು. ಅದು ಈಗಲೂ ಕೆಲವು ಸಲ, ಮನೆಯಲ್ಲಿ ಯಾರಾದರೂ ಮಾತಾಡುತ್ತಿರುವಾಗ ನಾನು ಹೂಂಗುಟ್ಟಿದರೆ, ಕಿವಿಯಲ್ಲಿ ಕೇಳಿಸುತ್ತದೆ.

ಓವರ್‌ಸಿಯರ್ ಪುಣ್ಯಾತ್ಮರು. ಆ ಹಾಳೆಯನ್ನು ಕಿತ್ತು ನನ್ನ ಕೈಗೆ ಕೊಟ್ಟು, "ಹೊಸದಾಗಿ ಬರೆದುಕೊಡಿ, ನಾನು ಕಾಯ್ತೀನಿ" ಅಂದರು. ಅಜ್ಜಿಗೆ ಮನೆ ಬಂತು ಅನ್ನುವುದನ್ನು ಇಲ್ಲೇ ಹೇಳಿಬಿಡುತ್ತೇನೆ. ತಡವಾಯಿತು, ಆದರೂ ಮುಂದಿನ ವರ್ಷ ಬಂತು. ಬಾಗಿಲು ನಕ್ಷೆಯಲ್ಲಿದ್ದ ಕಡೆಯೇ ಬಂತು, ಅದಕ್ಕೆ ಯಾರೂ ಏನೂ ಮಾಡುವ ಹಾಗಿರಲಿಲ್ಲ. ಆದರೆ ಕಾಡಿನ ಕಡೆಯ ಕಿಟಕಿಯನ್ನು ಓವರ್‌ಸಿಯರ್ ಸಣ್ಣದು ಮಾಡಿಸಿದರು. ಜಗಲಿ ಇಬ್ಬರು ಹೆಂಗಸರಿಗೆ ಸಾಕಾಗುವಷ್ಟಿದೆ. ಅದರಲ್ಲಿ ಕಾಲು ಚಾಚಿಕೊಂಡು ಕೂತ ಎರಡನೆಯ ಹೆಂಗಸು ನಾನೇ ಆಗಿದ್ದೇನೆ.

ಅವತ್ತು ನಾನು ಮಣ್ಣಿನ ಮೇಲೆ ಕೂತು, ಹಾಳೆಯನ್ನು ಮೊಣಕಾಲಿನ ಮೇಲಿಟ್ಟುಕೊಂಡು ಮತ್ತೆ ಬರೆದೆ. ಈ ಸಲ ಅಜ್ಜಿ ಒಂದೊಂದು ಸಾಲಿಗೂ ಹೇಳುವುದನ್ನು ನಿಲ್ಲಿಸಿ, "ಓದು" ಅನ್ನುತ್ತಿದ್ದರು. ಓದುತ್ತಿದ್ದೆ. ಬಾಗಿಲು, ಬಿಸಿಲು, ಜಗಲಿ, ಸೊಂಡಿಲು, ತಗಡು, ಎಲ್ಲವೂ ಬಂತು. ಇನ್ನೇನು ಹೆಬ್ಬೆಟ್ಟು ಒತ್ತಬೇಕು, ಅಜ್ಜಿ ಮಸಿ ಹತ್ತಿದ ಬೆರಳನ್ನು ಹಾಗೇ ಎತ್ತಿ ಹಿಡಿದುಕೊಂಡು ನನ್ನ ಕಿವಿಯ ಹತ್ತಿರ ಬಗ್ಗಿದರು.

"ಕೊನೇಲಿ ಒಣಮೀನು ಅರ್ಧ ಕಿಲೋ ಅಂತ ಸೇರ್ಸ್ಬುಡು ಮಗಾ. ಮೊದ್ಲು ಬರ್ದಿದ್ದು ಈಗ ಇಲ್ದೇ ಹೋದ್ರೆ ಆಪೀಸ್ನೋರು ಅನುಮಾನ ಪಟ್ಟಾರು. ಅಳಿಯ ಮಾತ್ರ ಬ್ಯಾಡ."